ಬೇರೆ ಬೇರೆ ಸಂಸ್ಥೆಗಳ ಬಸ್ಸು, ರೈಲುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ | ದಾರಿಹೋಕ

ನಡುವೆ ದೊಡ್ಡ ನಗರ, ಸುತ್ತ ಹತ್ತಾರು ಸಣ್ಣ ಊರುಗಳಿರುವ ಪ್ರದೇಶ ಅಂದುಕೊಳ್ಳಿ. ನಗರದ ಬಸ್ಸು ಒಂದು ಸಂಸ್ಥೆಯದು, ಊರಿಂದ ಊರಿಗೆ ಹೋಗುವುದು ಇನ್ನೊಂದರದು, ರೈಲು ಬೇರೆ, ಮೆಟ್ರೋ ಬೇರೆ, ಜೊತೆಗೆ ಖಾಸಗಿ ಬಸ್ಸುಗಳು. ಒಬ್ಬೊಬ್ಬರದೂ ಒಂದೊಂದು ಟೈಮ್‌ಟೇಬಲ್, ಒಂದೊಂದು ಟಿಕೆಟ್. ರೈಲು ಬಂದು ನಿಲ್ಲುವುದಕ್ಕೆ ಎರಡು ನಿಮಿಷ ಮುಂಚೆ ಬಸ್ಸು ಹೊರಟಿರುತ್ತದೆ, ಮುಂದಿನದಕ್ಕೆ ಒಂದು ಗಂಟೆ ಕಾಯಬೇಕು. ಹೀಗಾದರೆ ಸ್ವಂತ ಗಾಡಿ ತೆಗೆದುಕೊಳ್ಳಲು ಆಗುವವರೆಲ್ಲ ತೆಗೆದುಕೊಳ್ಳುತ್ತಾರೆ, ಆಗದವರು ನಿಂತೇ ಇರುತ್ತಾರೆ.

ನಾವು ಕೆಲವರು ಸೇರಿ ಇದರ ಬಗ್ಗೆ ಒಂದು ಮನವಿ ಬರೆಯುತ್ತಿದ್ದೇವೆ. ಒಬ್ಬರು ಆ್ಯಪ್ ಬೇಕು ಅಂತಾರೆ, ಇನ್ನೊಬ್ಬರು ಎಲ್ಲದಕ್ಕೂ ಒಂದೇ ಕಾರ್ಡ್ ಸಾಕು ಅಂತಾರೆ, ಮತ್ತೊಬ್ಬರು ಎಲ್ಲ ಸಂಸ್ಥೆಗಳನ್ನೂ ಸೇರಿಸಿ ಒಂದೇ ಮಾಡಿಬಿಡಿ ಅಂತಾರೆ. ಮೊದಲು ಯಾವುದನ್ನು ಕೇಳಬೇಕು?

ಉತ್ತರ | ಜಂಕ್ಷನ್

ಮೊದಲು ಟೈಮ್‌ಟೇಬಲ್. ಕಾರ್ಡು, ಆ್ಯಪು ಎಲ್ಲ ಆಮೇಲೆ. ಬಸ್ಸು ತಪ್ಪಿಹೋದವರಿಗೆ ಆ್ಯಪ್ ಹೇಳುವುದು ಬಸ್ಸು ತಪ್ಪಿತು ಅಂತ ಅಷ್ಟೇ ಅಲ್ವಾ?

ಸ್ವಿಟ್ಜರ್‌ಲ್ಯಾಂಡ್ ಇದನ್ನು ಹೇಗೆ ಮಾಡಿತು ಅಂತ ನೋಡಿ. 1982ರಲ್ಲಿ ದೇಶದ ರೈಲುಗಳನ್ನೆಲ್ಲ ಗಂಟೆಗೊಂದರಂತೆ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಓಡುವ ಹಾಗೆ ಮಾಡಿದರು. ಆಮೇಲೆ ಮುಖ್ಯ ಜಂಕ್ಷನ್‌ಗಳನ್ನು ಆರಿಸಿಕೊಂಡರು. ಎಲ್ಲ ದಿಕ್ಕಿನ ರೈಲೂ ಹತ್ತು ಐವತ್ತೈದರ ಆಸುಪಾಸಿಗೆ ಬಂದು ಸೇರುತ್ತವೆ, ಬಸ್ಸುಗಳು ಹೊರಗೆ ನಿಂತಿರುತ್ತವೆ, ಜನ ಇಳಿದು ಹತ್ತಿಕೊಳ್ಳುತ್ತಾರೆ, ಹನ್ನೊಂದು ಹೊಡೆದು ಐದು ನಿಮಿಷದೊಳಗೆ ಎಲ್ಲವೂ ಹೊರಡುತ್ತವೆ. ಮುಂದಿನ ಗಂಟೆ ಮತ್ತೆ ಅದೇ.

ಇದು ನಡೆಯಬೇಕಾದರೆ ಎರಡು ಜಂಕ್ಷನ್‌ಗಳ ನಡುವಿನ ಓಟ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಇರಬೇಕು. ಎಪ್ಪತ್ತು ನಿಮಿಷ ಹಿಡಿದರೆ ಹತ್ತು ನಿಮಿಷ ತಡ, ಆ ಹತ್ತು ನಿಮಿಷಕ್ಕೆ ಎಲ್ಲ ಸಂಪರ್ಕವೂ ತಪ್ಪಿ ಮುಕ್ಕಾಲು ಗಂಟೆ ಕಾಯಬೇಕು. ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಗಿಂತ ಜಾಸ್ತಿ ಬೇಕಿತ್ತು. 1987ರಲ್ಲಿ ಜನ ಮತ ಹಾಕಿ ಒಪ್ಪಿದ ಯೋಜನೆಯಲ್ಲಿ ಹೊಸ ಹಳಿ ಹಾಕಿ, 2004ರ ಡಿಸೆಂಬರ್‌ನಲ್ಲಿ ಅದನ್ನು ಗಂಟೆಯೊಳಗೆ ತಂದರು. ಮೊದಲು ಟೈಮ್‌ಟೇಬಲ್ ಬರೆದರು, ಆಮೇಲೆ ಅದಕ್ಕೆ ಎಷ್ಟು ಬೇಕೋ ಅಷ್ಟು ಹಳಿ ಹಾಕಿದರು. ಬೇರೆ ಕಡೆ ಬಹಳಷ್ಟು ಸಲ ಇದು ತಲೆಕೆಳಗಾಗಿ ನಡೆಯುತ್ತದೆ.

ಉತ್ತರ | ಲೆಕ್ಕಪತ್ರ

ಟೈಮ್‌ಟೇಬಲ್ ಸರಿ, ಆದರೆ ಅದಕ್ಕೆ ಒಪ್ಪುವವರು ಯಾರು? ದುಡ್ಡಿನ ಹಂಚಿಕೆ ಬಗೆಹರಿಯದೆ ಯಾವ ಸಂಸ್ಥೆಯೂ ತನ್ನ ಬಸ್ಸಿನ ಸಮಯ ಬದಲಾಯಿಸುವುದಿಲ್ಲ. ನನ್ನ ಬಸ್ಸು ನಿಮ್ಮ ರೈಲಿಗೆ ಕಾದರೆ ನನಗೇನು ಸಿಗುತ್ತದೆ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ.

ಎಲ್ಲವನ್ನೂ ಸೇರಿಸಿ ಒಂದೇ ಸಂಸ್ಥೆ ಮಾಡಬೇಕು ಅಂತಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ಒಂದು ಒಕ್ಕೂಟ ಮಾಡಿಕೊಂಡರು. ಸಂಸ್ಥೆಗಳು ಬೇರೆ ಬೇರೆಯಾಗೇ ಉಳಿದವು, ಡ್ರೈವರ್‌ಗಳು, ಡಿಪೋಗಳು ಅವರವರದೇ. ದರ, ಟಿಕೆಟ್, ಟೈಮ್‌ಟೇಬಲ್ ಹೊಂದಿಸುವುದು ಮಾತ್ರ ಒಕ್ಕೂಟದ ಕೈಗೆ ಹೋಯಿತು. ಟಿಕೆಟ್ ದುಡ್ಡು ಒಂದು ಕಡೆ ಸೇರುತ್ತದೆ, ಒಪ್ಪಿಕೊಂಡ ಸೂತ್ರದಂತೆ ಹಂಚಿಹೋಗುತ್ತದೆ.

ದಕ್ಷಿಣ ಕೊರಿಯಾದ ಸೋಲ್ ನಗರ 2004ರ ಜುಲೈನಲ್ಲಿ ಇನ್ನೊಂದು ದಾರಿ ಹಿಡಿಯಿತು. ಬಸ್ಸುಗಳು ಖಾಸಗಿಯವರ ಕೈಯಲ್ಲೇ ಉಳಿದವು, ಆದರೆ ಮಾರ್ಗ ಮತ್ತು ಆದಾಯದ ಹಿಡಿತ ನಗರದ ಕೈಗೆ ಬಂತು, ಕಂಪನಿಗಳಿಗೆ ಬಸ್ಸು ಓಡಿದ ದೂರ ನೋಡಿ ದುಡ್ಡು. ಪ್ರಯಾಣಿಕರ ಲೆಕ್ಕದಲ್ಲೂ ಹಾಗೇ: ಬಸ್ಸಿಂದ ಮೆಟ್ರೋಗೆ ಬದಲಾಯಿಸಿದರೂ ಒಟ್ಟು ದೂರಕ್ಕೆ ಮಾತ್ರ ದರ, ಹತ್ತಿದಾಗಲೆಲ್ಲ ಹೊಸ ಟಿಕೆಟ್ ಇಲ್ಲ. ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಗಾಡಿ ಬದಲಾಯಿಸುವುದೇ ಒಂದು ಕಷ್ಟ, ಅದಕ್ಕೆ ಮೇಲಿಂದ ದಂಡ ಯಾಕೆ ಕಟ್ಟಬೇಕು?

ಕಿಲೋಮೀಟರ್ ಲೆಕ್ಕಕ್ಕೂ ಒಂದು ತೊಂದರೆ ಇದೆ. ಖಾಲಿ ಓಡಿದರೂ ದುಡ್ಡು ಬರುತ್ತದೆ ಅಂದರೆ ಜನರನ್ನು ಹತ್ತಿಸಿಕೊಳ್ಳುವ ಆಸಕ್ತಿ ಹೋಗುತ್ತದೆ. ಸಮಯ ತಪ್ಪಿದರೆ, ಟ್ರಿಪ್ ಬಿಟ್ಟುಹೋದರೆ ದುಡ್ಡಿನಲ್ಲಿ ಕಡಿತ ಅಂತ ಕರಾರಿನಲ್ಲೇ ಬರೆದಿರಬೇಕು.

ಉತ್ತರ | ಸ್ಟಾಪ್‌ಕೋಡ್

ಒಂದೇ ಕಾರ್ಡ್ ಸಾಕು ಅನ್ನುವವರಿಗೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಪ್ರದೇಶ ತೋರಿಸಿ. ಅಲ್ಲಿ 27 ಸಾರಿಗೆ ಸಂಸ್ಥೆಗಳಿವೆ. ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುವ ಒಂದು ಕಾರ್ಡ್ ಬಂದ ಮೇಲೂ ದರಗಳು ವರ್ಷಗಟ್ಟಲೆ ಬೇರೆ ಬೇರೆಯಾಗೇ ಇದ್ದವು.

ಇನ್ನೊಂದು, ಎಲ್ಲ ಸಂಸ್ಥೆಗಳ ಟೈಮ್‌ಟೇಬಲ್ ಮಾಹಿತಿ ಕಂಪ್ಯೂಟರ್ ಓದುವಂಥ ಒಂದೇ ರೂಪದಲ್ಲಿ ಇರಲಿ. ಜಿಟಿಎಫ್‌ಎಸ್ ಅನ್ನುವ ರೂಪ 2005ರ ಹೊತ್ತಿಗೆ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ಶುರು ಮಾಡಿದ್ದು, ಈಗ ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಒಳಗಿರುವುದು ಸಾದಾ ಪಠ್ಯದ ಕಡತಗಳು: ಸ್ಟಾಪ್‌ಗಳದ್ದೊಂದು, ಟ್ರಿಪ್‌ಗಳದ್ದೊಂದು, ಸಮಯದ್ದೊಂದು. ಮಧ್ಯರಾತ್ರಿ ದಾಟಿ ಒಂದೂವರೆಗೆ ಬರುವ ಬಸ್ಸಿಗೆ 25:30:00 ಅಂತಲೇ ಬರೆಯುತ್ತಾರೆ, ಅದು ಹಿಂದಿನ ದಿನದ ಟ್ರಿಪ್ ಅಂತ ಗೊತ್ತಾಗಲಿ ಅಂತ. ಗಾಡಿ ಬದಲಾಯಿಸುವುದಕ್ಕೇ ಒಂದು ಕಡತ ಇದೆ, ಇಲ್ಲಿ ಈ ಬಸ್ಸು ಆ ರೈಲಿಗೆ ಕಾಯುತ್ತದೆ ಅಂತ ಅದರಲ್ಲಿ ಗುರುತು ಹಾಕಬಹುದು.

ಮೊದಲ ಕಷ್ಟ ಬರುವುದು ಸ್ಟಾಪ್‌ಗಳಲ್ಲಿ. ಒಂದೇ ಜಾಗಕ್ಕೆ ಮೂರು ಸಂಸ್ಥೆಗಳು ಮೂರು ಹೆಸರು ಇಟ್ಟಿರುತ್ತವೆ, ಕಂಪ್ಯೂಟರ್‌ಗೆ ಅವು ಮೂರು ಬೇರೆ ಜಾಗ. ಅದನ್ನು ಸರಿಮಾಡಲು ಜನ ಬೀದಿಗಿಳಿದು ನೋಡಲೇಬೇಕು.

ದಾರಿಹೋಕ

ತುಂಬಾ ಉಪಯೋಗ ಆಯಿತು. ಒಂದು ಅನುಮಾನ ಉಳಿದಿದೆ. ಟೈಮ್‌ಟೇಬಲ್ ಹೊಂದಿಸಿದರೂ ರೈಲು ತಡವಾದರೆ ಬಸ್ಸು ಎಷ್ಟು ಹೊತ್ತು ಕಾಯಬೇಕು?

ಜಂಕ್ಷನ್

ಎಲ್ಲದಕ್ಕೂ ಒಂದೇ ನಿಯಮ ಆಗುವುದಿಲ್ಲ. ಹತ್ತು ನಿಮಿಷಕ್ಕೊಂದು ಬಸ್ಸು ಇದ್ದರೆ ಕಾಯುವುದೇ ಬೇಡ, ಸುಮ್ನೆ ಮುಂದಿನ ಸ್ಟಾಪಿನಲ್ಲಿ ನಿಂತವರಿಗೆ ತೊಂದರೆ. ಗಂಟೆಗೊಂದು ಬಸ್ಸಾದರೆ ಐದು ನಿಮಿಷದವರೆಗೆ ಕಾಯಲಿ, ಆ ಐದು ನಿಮಿಷವನ್ನು ಕೊನೆ ಸ್ಟಾಪಿನ ಬಿಡುವಿನಿಂದ ಹಿಡಿದುಕೊಳ್ಳಬೇಕು. ದಿನದ ಕೊನೆಯ ಬಸ್ಸು ಮಾತ್ರ ರೈಲು ಬರುವವರೆಗೂ ಹೊರಡಬಾರದು, ಅದು ತಪ್ಪಿದರೆ ಜನರಿಗೆ ಬೇರೆ ದಾರಿಯೇ ಇರುವುದಿಲ್ಲ. ಇದನ್ನು ಡ್ರೈವರ್ ಮೇಲೆ ಬಿಡಬೇಡಿ. ಯಾಕೆ ತಡ ಅಂತ ಡಿಪೋದಲ್ಲಿ ಬೈಸಿಕೊಳ್ಳುವವರು ಅವರೇ. ಕಾಯಿರಿ ಅಂತ ಹೇಳುವ ಹೊಣೆ ಎರಡೂ ಸಂಸ್ಥೆಯವರು ಕೂರುವ ಒಂದೇ ಕಂಟ್ರೋಲ್ ರೂಮಿನದಾಗಿರಲಿ, ಆ ತಡಕ್ಕೆ ದಂಡ ಇಲ್ಲ ಅಂತ ಕರಾರಿನಲ್ಲಿ ಇರಲಿ. ನಿಮ್ಮ ಮನವಿಯಲ್ಲಿ ಕೊನೆ ಬಸ್ಸಿನ ವಿಷಯವನ್ನೇ ಮೊದಲು ಹಾಕಿ. ಅದಕ್ಕೆ ಹೊಸ ಹಳಿಯೂ ಬೇಡ, ಹೊಸ ಕಾರ್ಡೂ ಬೇಡ, ಎರಡು ಸಂಸ್ಥೆಗಳು ಕೂತು ಮಾತಾಡಿದರೆ ಆಗುವ ಕೆಲಸ.