ತೇರಿನ ಕಳಸ ಹೊರಗ ಇಣುಕ್ತದ, ಗಿಡ ಅರ್ಧಕ್ಕೇ ನಿಲ್ತದ: ಸ್ಕೇಲ್ ಹಿಡೀದ ಮಾಡಿದ ಪಾಪ್-ಅಪ್‌ನ ತೊಂದ್ರಿ

ಕಲಬುರಗಿ ಕಾಗದ:
ಸ್ಕೇಲ್ ಇಲ್ದ, ಪೆನ್ಸಿಲ್ ಗುರುತಿಲ್ದ, ಕೈ ಹೋದಂಗ ಕತ್ತರಿಸಿ ಪಾಪ್-ಅಪ್ ಕಾರ್ಡ್ (ತೆರೆದ್ರ ಒಳಗಿನ ಆಕೃತಿ ಎದ್ದು ನಿಲ್ಲೋದು) ಮಾಡ್ಲಾಕತ್ತೀನಿ. ಮೊದಲನೇದು ಶರಣಬಸವೇಶ್ವರ ಜಾತ್ರಿ ತೇರು. ಎ4 ಹಾಳಿ ನಡುವಿಗೆ ಮಡಚಿ, ಮಡಿಕಿಯಿಂದ 5 ಸೆಂ.ಮೀ. ಉದ್ದದ ಎರಡು ಸೀಳು ಕೊಟ್ಟು ಪೆಟ್ಟಿಗಿ ಎಬ್ಬಿಸೀನಿ. ಅದರ ಮುಂಭಾಗಕ್ಕ 12 ಸೆಂ.ಮೀ. ಎತ್ತರದ ತೇರು ಅಂಟಿಸೀನಿ. ಕಾರ್ಡ್ ಮುಚ್ಚಿದ್ರ ಕಳಸ ಸುಮಾರು 2 ಸೆಂ.ಮೀ. ಹೊರಗ ಬರ್ತದ.

ಎರಡನೇ ಕಾರ್ಡ್ ಪೂರ್ತಿ ಚಪ್ಪಟ್ ತೆರೆಯೋದು, ನಡುವ ವಿ ಆಕಾರದಾಗ ಬೇವಿನ ಗಿಡ. ಅರ್ಧ ತೆರೆದ ಮ್ಯಾಲ ಒಂದು ಕಡಿ ಜಗ್ತದ, ಜೋರು ಮಾಡಿದ್ರ ಅಂಟು ಕಿತ್ತು ಬರ್ತದ. ಇದರ ಜೊತಿ ಕೆಂಪು ಹಾಳಿ ಮಡಿಕಿಯಾಗ ಬಿರಿದು ಒಳಗಿನ ಬಿಳಿ ಕಾಣ್ತದ. ಎಲ್ಲಾ ಅಳದು ಮಾಡಿದ್ರ ಮಜಾನೇ ಹೋಗ್ತದ್ರಿ. ಎಲ್ಲಿ ಅಳೀಲೇಬೇಕು, ಎಲ್ಲಿ ಬಿಟ್ರ ನಡೀತದ?

ಬೀದರ್ ಕತ್ರಿ:
ಅಂಚಿಗೆ ಅಳತಿ ಬ್ಯಾಡ್ರಿ, ಮಡಿಕಿಗೆ ಬೇಕು. ತೇರು ಸೊಟ್ಟ ಇರಲಿ, ಗಾಲಿ ಒಂದು ದೊಡ್ಡದು ಒಂದು ಸಣ್ಣದು ಇರಲಿ, ಕಾರ್ಡ್‌ಗೆ ಏನೂ ಆಗಂಗಿಲ್ಲ.

ಕಳಸದ ಲೆಕ್ಕ ಒಂದೇ ಸಾಲಿಂದು. 90 ಡಿಗ್ರಿ ತೆರೆಯೋ ಕಾರ್ಡ್‌ನಾಗ ಪೆಟ್ಟಿಗಿ ಎಷ್ಟು ಮುಂದ ಬಂದದ ಅನ್ನೋದಕ್ಕ ಆಕೃತಿ ಎತ್ತರ ಕೂಡಿಸ್ರಿ. ಮುಚ್ಚಿದಾಗ ತುದಿ ಮಡಿಕಿಯಿಂದ ಅಷ್ಟು ದೂರ ಹೋಗಿ ನಿಲ್ತದ. ನಿಮ್ಮದು 5 ಮತ್ತು 12, ಅಂದ್ರ 17. ಎ4 ಅರ್ಧ ಮಾಡಿದ್ರ ಸಿಗೋದು 14.85. ಉಳಿದ 2 ಸೆಂ.ಮೀ. ಚಿಲ್ಲರೆಯೇ ನಿಮ್ಮ ಕಳಸ. ತೇರು ಗಿಡ್ಡ ಮಾಡೋದು ಬ್ಯಾಡ, ಪೆಟ್ಟಿಗಿ 2 ಸೆಂ.ಮೀ.ಗೆ ಇಳಸ್ರಿ, 14 ಆಗ್ತದ. ಸ್ಕೇಲ್ ಮುಟ್ಟಂಗೇ ಇಲ್ಲ ಅಂದ್ರ ದಾರದಾಗ ನೋಡ್ರಿ: ಪೆಟ್ಟಿಗಿ ಆಳ, ಮುಂದುವರಿಸಿ ತೇರಿನ ಎತ್ತರ, ಒಂದೇ ದಾರದ ಮ್ಯಾಲ. ಆ ದಾರ ಮಡಚಿದ ಪುಟದೊಳಗ ಕೂತ್ರ ತೇರೂ ಕೂಡ್ತದ.

ಇನ್ನು ಕೈ ಬಿಟ್ಟು ಆಡೋ ಜಾಗ. ಹಾಳಿ ಮಡಚಿಟ್ಟು ಎರಡೂ ಪದರ ಕೂಡಿಸಿ ಕತ್ತರಿಸಿದ್ರ ಎಂಥಾ ಸೀಳಾದ್ರೂ ಕೆಲಸ ಮಾಡ್ತದ. ಒಂದು ಸೀಳು 3 ಸೆಂ.ಮೀ., ಇನ್ನೊಂದು 6, ಅದೂ ಹಾವಿನಂಗ ಡೊಂಕು, ನಡೀತದ. ಒಂದು ಸೀಳಿನ ತುದಿಯಿಂದ ಇನ್ನೊಂದರ ತುದಿಗೆ ನೆಟ್ಟಗ ಗೀಟಿನಂಗ ಮಡಚ್ರಿ, ಹಿಂದ ಮುಂದ ಎರಡೂ ಕಡಿ ಉಗುರಿನಿಂದ ತಿಕ್ಕ್ರಿ, ಆಮ್ಯಾಲ ಒಳಗಿನಿಂದ ಹೊರಗ ನೂಕ್ರಿ. ಓರೆ ಪೆಟ್ಟಿಗಿ ಏಳ್ತದ. ಹೊಸ ಎರಡು ಮಡಿಕಿ ಮತ್ತ ನಡು ಮಡಿಕಿ, ಮೂರೂ ಗೀಟು ಉದ್ದ ಎಳೆದ್ರ ಒಂದೇ ಬಿಂದುವಿಗೆ ಸೇರ್ತಾವ, ಅದಕ್ಕೇ ಸಿಕ್ಕೊಳ್ಳಂಗಿಲ್ಲ. ಈಗ ಎದ್ದ ಪೆಟ್ಟಿಗಿ ಅಂಚಿನ ಮ್ಯಾಲೆ ಮತ್ತೆರಡು ಸೀಳು ಕೊಟ್ರ ಅದರ ಮ್ಯಾಲೊಂದು ಮರಿ ಪೆಟ್ಟಿಗಿ. ತೇರಿನ ಮೆಟ್ಟಿಲು ಹಿಂಗೇ ಮಾಡ್ರಿ, ಅಂಟೇ ಬ್ಯಾಡ.

ನಡು ಮಡಿಕಿಗೆ ಅಡ್ಡ ಒಂದೇ ಸೀಳು ಕೊಟ್ಟು, ಮ್ಯಾಲ ಕೆಳಗ ತ್ರಿಕೋನ ಮಡಚಿ ನೂಕಿದ್ರ ಮಾತಾಡೋ ಬಾಯಿ ಆಗ್ತದ. ಗಿಳಿ, ಕಪ್ಪಿ, ಏನ್ ಬೇಕಾದ್ರೂ.

ಯಾದಗಿರಿ ಮಡಿಕಿ:
ಗಿಡದ ಬಗ್ಗೆ ನಾನು ಹೇಳ್ತೀನಿ. ಎರಡು ಕಾಲು ನಡು ಮಡಿಕಿಗೆ ಒಂದೇ ಕೋನದಾಗ ಕೂತಿಲ್ಲ, ಒಂದು 40 ಡಿಗ್ರಿ, ಇನ್ನೊಂದು 50 ಇರಬೇಕು. ಕಣ್ಣಂದಾಜಿನಾಗ ಎರಡೂ ಕಾಲು ಅಂಟಿಸಿದ್ರ ಹಿಂಗೇ ಆಗ್ತದ. ಅಳೀಬ್ಯಾಡ್ರಿ, ಕಾರ್ಡ್‌ಗೇ ಅಳೀಲಿಕ್ಕೆ ಬಿಡ್ರಿ:

ಗಿಡದ ಕೆಳಗ 1 ಸೆಂ.ಮೀ. ಅಗಲದ ಅಂಟಿಸೋ ಪಟ್ಟಿ ಬಿಡ್ರಿ, ಎರಡೂ ತುದಿ ಓರೆ ಕತ್ತರಿಸ್ರಿ. ಎಡಗಡಿ ಪಟ್ಟಿಯಷ್ಟೇ ಪುಟಕ್ಕ ಅಂಟಿಸ್ರಿ, ಕೋನ ನಿಮ್ಮಿಷ್ಟ. ಪಟ್ಟಿಯ ಮೂಲಿ ನಡು ಮಡಿಕಿಯಿಂದ 1 ಮಿ.ಮೀ. ಈಚೆ ಇರಬೇಕು, ಮಡಿಕಿ ಮೇಲೆ ಅಂಟು ಹೋದ್ರ ಅಲ್ಲೇ ಗಂಟು. ಅದು ಒಣಗಿದ ಮ್ಯಾಲ ಗಿಡ ಚಪ್ಪಟ್ ಮಡಚ್ರಿ, ಮ್ಯಾಲ ಕಾಣೋ ಬಲಗಡಿ ಪಟ್ಟಿಗೆ ತೆಳ್ಳಗ ಫೆವಿಕಾಲ್ ಹಚ್ಚಿ ಕಾರ್ಡ್ ಮುಚ್ಚಿ ಒತ್ತ್ರಿ. ಬಲಗಾಲು ತಾನೇ ಸರಿಯಾದ ಜಾಗಕ್ಕ ಹೋಗಿ ಕೂಡ್ತದ.

ಗಿಡದ ನಡು ಗೀಟು ಮತ್ತ ಬುಡದ ಗೀಟು 90 ಡಿಗ್ರಿ ಇದ್ರ, ಯಾವ ಕೋನದಾಗ ಅಂಟಿಸಿದ್ರೂ ತೆರೆದಾಗ ನೆಟ್ಟಗ ನಿಲ್ತದ. ಮುಚ್ಚಿದಾಗ ಮಾತ್ರ ವಿ ಚೂಪು ಇರೋ ಕಡಿ ಬೀಳ್ತದ. 45 ಡಿಗ್ರಿಯಾಗ ಅಂಟಿಸಿದ 10 ಸೆಂ.ಮೀ. ಗಿಡ ಮಡಿಕಿ ಉದ್ದಕ್ಕ 7, ಅಡ್ಡ 7 ಜಾಗ ತಿಂತದ. ಚೂಪು ಮುಂದಿನ ಅಂಚಿನಿಂದ 7ಕ್ಕಿಂತ ಹತ್ತಿರ ಇತ್ತು ಅಂದ್ರ ಮತ್ತ ಕಳಸದ ಕತಿನೇ.

ಬಿರುಕಿಗೆ ಕಾರಣ ಹಾಳಿ ಎಳೆ, ಅಂದ್ರ ಹಾಳಿಯೊಳಗಿನ ನಾರು ಸಾಲಾಗಿ ಕೂತ ದಿಕ್ಕು. ಹಾಳಿ ಎರಡೂ ದಿಕ್ಕಿಗೆ ಮೆಲ್ಲಗ ಬಗ್ಗಿಸಿ ನೋಡ್ರಿ, ಹಗುರಾಗಿ ಬಗ್ಗಿದ ದಿಕ್ಕಿಗೇ ನಡು ಮಡಿಕಿ ಹಾಕ್ರಿ. ನಮ್ಮ ಕಡಿ ಬ್ಯಾಸಿಗಿಯಾಗ ಹಾಳಿ ಹಪ್ಪಳದಂಗ ಒಣಗಿರ್ತದ, ಎಳೆಗೆ ಅಡ್ಡ ಮಡಚಿದ್ರ ಬಿರಿಯೋದೇ. ಇಂಕ್ ಮುಗಿದ ಬಾಲ್‌ಪೆನ್ನಿನಿಂದ, ಕೆಳಗ ಪೇಪರ್ ಗಡ್ಡಿ ಇಟ್ಟು ಗೀರ್ರಿ, ತಗ್ಗು ಹೊರಗ ಬರೋ ಹಂಗ ಮಡಚ್ರಿ. ತಳಕ್ಕ 200 ಜಿಎಸ್ಎಂ (ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ಅನ್ನೋ ಲೆಕ್ಕ), ಒಳಗಿನ ಆಕೃತಿಗೆ 120ರಿಂದ 150 ಸಾಕು.

ಬೀದರ್ ಕತ್ರಿ:
ಯಾದಗಿರಿ ಅಣ್ಣಾರು ಹೇಳಿದ್ದಕ್ಕ ಒಂದೇ ತಕರಾರು: 120ರ ಹಾಳಿ 12 ಸೆಂ.ಮೀ. ತೇರಿಗೆ ಸೊರಗ್ತದ, ಎರಡು ದಿನಕ್ಕ ತಲಿ ಬಾಗ್ತದ. ಎತ್ತರ 8 ದಾಟಿದ್ರ 180 ತಗೋರಿ. ಫೆವಿಕಾಲ್ ದಪ್ಪ ಹಚ್ಚಬ್ಯಾಡ್ರಿ, ಅದರ ನೀರಿಗೆ ತೆಳು ಹಾಳಿ ಸುಕ್ಕು ಬೀಳ್ತದ.

ಕಲಬುರಗಿ ಕಾಗದ:
ತೇರು, ಗಿಡ ಎರಡೂ ಸರಿ ಆದವ್ರಿ. ಈಗ ನಿಮ್ಮೂರ ಮಹಮೂದ್ ಗವಾನ್ ಮದರಸಾ ಹಿಡಿದೀನಿ. ಈಗಿರೋ ಹಂಗೇ ಒಂದೇ ಮಿನಾರು. ಅಗಲ ಪೆಟ್ಟಿಗಿ ಒಂದು ತುದಿಗೆ ಅಂಟಿಸಿದ್ರ ಆ ಕಡಿ ಮುಂದಕ್ಕ ವಾಲ್ತದ.

ಬೀದರ್ ಕತ್ರಿ:
1472ರ ಕಟ್ಟಡಕ್ಕ ಪಟ್ಟಿ ಆಧಾರ ಕೊಡ್ಲಾಕತ್ತೀರಿ ಹಂಗಾದ್ರ! ಮಿನಾರಿನ ಬೆನ್ನಿಗೆ 1 ಸೆಂ.ಮೀ. ಅಗಲದ ಒಂದು ಪಟ್ಟಿ ಹಾಕಿ ಹಿಂದಿನ ಪುಟಕ್ಕ ಕೂಡಸ್ರಿ. ಎರಡು ಅಂಟಿನ ತುದಿ ಬಿಟ್ಟು ನಡುವಿನ ಉದ್ದ ಪೆಟ್ಟಿಗಿ ಆಳದಷ್ಟೇ ಇರಬೇಕು. ಮಿನಾರಿನ ಮ್ಯಾಲ ಬುಡದಿಂದ ಎಷ್ಟು ಎತ್ತರಕ್ಕ ಅಂಟಿಸೀರಿ, ಹಿಂದಿನ ಪುಟದ ಮ್ಯಾಲೂ ಮಡಿಕಿಯಿಂದ ಅಷ್ಟೇ ಎತ್ತರಕ್ಕ. ಒಂದು ಮಿ.ಮೀ. ಗಿಡ್ಡ ಆದ್ರೂ ಮಿನಾರು ಹಿಂದಕ್ಕ ಬಾಗ್ತದ, ಉದ್ದ ಆದ್ರ ಮುಂದಕ್ಕ. ಅಂಟಿಸೋ ಮೊದಲ ಎರಡೂ ತುದಿಗೆ ಪೇಪರ್ ಟೇಪ್ ಹಚ್ಚಿ ನಾಕೈದು ಸಲ ತೆರೆದು ಮುಚ್ಚಿ ನೋಡ್ರಿ.