ವಿಜಯಪುರದ ಬೇಸಿಗೆಯಲ್ಲಿ ಬಟರ್‌ಕ್ರೀಮ್ ನಿಲ್ಲುತ್ತಿಲ್ಲ, ದಯವಿಟ್ಟು ದಾರಿ ಹೇಳಿ

ಗುಮ್ಮಟದೂರಿನವಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಮಗಳಿಗೆ 6 ತುಂಬುತ್ತದೆ. ಅಂಗಡಿ ಕೇಕ್ ಬೇಡವಂತೆ, ಅಮ್ಮನೇ ಮಾಡಿದ ಕಪ್‌ಕೇಕ್ ಬೇಕು, ಮೇಲೆ ಗುಲಾಬಿ ಬಣ್ಣದ ಕ್ರೀಮಿನ ಸುರುಳಿ ಇರಬೇಕು ಅಂತ ಹಠ. ಓಣಿಯ ಮಕ್ಕಳೆಲ್ಲ ಸೇರಿದರೆ 20 ಜನ ಆಗ್ತಾರೆ. ಅದಕ್ಕೇ ನಿನ್ನೆ ಒಂದು ಸಲ ಮಾಡಿ ನೋಡಿದೆ.

ಕಪ್‌ಕೇಕ್ ಚೆನ್ನಾಗಿ ಬಂತು. ನಮ್ಮ ಮನೆಯಲ್ಲಿ ಮೊಟ್ಟೆ ನಡೆಯೋದಿಲ್ಲ, ಮೊಸರು ಮತ್ತು ಸೋಡಾ ಹಾಕಿ ಮಾಡಿದ್ದು. ತೊಂದರೆ ಆಗಿದ್ದು ಐಸಿಂಗ್‌ನಲ್ಲಿ. ತವರಿನಿಂದ ಅವ್ವ ಕಳಿಸಿದ ಬೆಣ್ಣೆ ಇತ್ತು, ಮನೆಯ ಎಮ್ಮೆ ಹಾಲಿನದು, ಇದಕ್ಕಿಂತ ಒಳ್ಳೆಯ ಬೆಣ್ಣೆ ಎಲ್ಲಿ ಸಿಗುತ್ತೆ ಅಂತ ಅದನ್ನೇ 250 ಗ್ರಾಂ ತಗೊಂಡೆ. ಸಕ್ಕರೆ ಮಿಕ್ಸಿಗೆ ಹಾಕಿ ಪುಡಿ ಮಾಡಿ 500 ಗ್ರಾಂ, ಜೊತೆಗೆ 3 ಚಮಚ ಹಾಲು, ವೆನಿಲ್ಲಾ, ಬಣ್ಣಕ್ಕೆ ಒಂದಿಷ್ಟು ಬೀಟ್‌ರೂಟ್ ರಸ. ಬೀಟರ್ ಹಚ್ಚಿದಾಗ ಮೊದಲು ಚೆಂದ ಉಬ್ಬಿತು. ಆಮೇಲೆ ಬಟ್ಟಲಿನ ಅಂಚಲ್ಲಿ ನೀರು ಬಿಡೋಕೆ ಶುರುವಾಯಿತು, ಒಡೆದ ಹಾಲಿನ ಹಾಗೆ ಕಾಳು ಕಾಳಾಯಿತು. ಕೋನಿಗೆ ತುಂಬಿ ಹಿಂಡಿದೆ, ಸುರುಳಿ ನಿಲ್ಲಲೇ ಇಲ್ಲ, ನಿಧಾನಕ್ಕೆ ಜಾರಿ ಕಾಗದದ ಕಪ್ಪಿನ ಹೊರಗೆ ಇಳಿಯಿತು. ಮಗಳು ಪಕ್ಕದಲ್ಲೇ ನಿಂತಿದ್ದಳು. "ಅಮ್ಮಾ, ಭಾನುವಾರ ಸರಿ ಆಗುತ್ತಲ್ವಾ?" ಅಂತ ಕೇಳಿದಳು.

ಕುಕ್ಕೀಸ್ ಕೂಡ ಹಾಗೇ, ಎರಡನೇ ಟ್ರೇ ಪೂರ್ತಿ ಹರಡಿ ಒಂದಕ್ಕೊಂದು ಅಂಟಿಕೊಂಡಿತು. ಇಲ್ಲಿ ಮಧ್ಯಾಹ್ನ 41 ಡಿಗ್ರಿ ಇರುತ್ತೆ, ಅಡುಗೆಮನೆಗೆ ಎಸಿ ಇಲ್ಲ. ಇಂಥ ಊರಲ್ಲಿ ಬಟರ್‌ಕ್ರೀಮ್ ಮಾಡೋಕೆ ಆಗುತ್ತಾ?

ಟಿಳಕವಾಡಿ ಓವನ್ (ಬೆಳಗಾವಿ)

ಆಗುತ್ತೆ ತಂಗಿ, ಧೈರ್ಯವಾಗಿರು. ನಾನು ಎಂಟು ವರ್ಷದಿಂದ ಮನೆಯಲ್ಲೇ ಮಾಡಿ ಕೊಡುತ್ತಿದ್ದೇನೆ. ನಮ್ಮ ಬೆಳಗಾವಿ ನಿಮ್ಮೂರಿಗಿಂತ ತಂಪು ನಿಜ, ಆದರೂ ಏಪ್ರಿಲ್‌ನಲ್ಲಿ ನನಗೂ ಇದೇ ಕಷ್ಟ ಆಗಿತ್ತು.

ನಿನ್ನ ಕ್ರೀಮ್ ಕೆಟ್ಟಿದ್ದು ಬರೀ ಬಿಸಿಲಿಗಲ್ಲ, ಬೆಣ್ಣೆಗೆ. ಅವ್ವ ಕಳಿಸಿದ ಬೆಣ್ಣೆ ರೊಟ್ಟಿಗೆ, ಚಟ್ನಿಪುಡಿಗೆ ಬಂಗಾರ. ಆದರೆ ಕಡೆದು ತೆಗೆದ ಬೆಣ್ಣೆಯೊಳಗೆ ಮಜ್ಜಿಗೆ ನೀರು ಉಳಿದಿರುತ್ತೆ. ಅಂಗೈಯಲ್ಲಿ ಒತ್ತಿ ನೋಡು, ಸಣ್ಣ ಹನಿ ಹೊರಗೆ ಬರುತ್ತೆ. ಆ ನೀರಿಗೆ ಸಕ್ಕರೆ ಸೇರಿದರೆ ಕರಗಿ ಪಾಕ ಆಗುತ್ತೆ, ಪಾಕ ಮತ್ತು ಕೊಬ್ಬು ಬೇರೆ ಬೇರೆ ನಿಲ್ಲುತ್ತವೆ. ಅದೇ ನೀನು ನೋಡಿದ ಕಾಳು. ಅದರ ಮೇಲೆ ಹಾಲು, ಅದರ ಮೇಲೆ ಬೀಟ್‌ರೂಟ್ ರಸ, ಮೂರು ಕಡೆಯಿಂದ ನೀರು ಹಾಕಿದ ಹಾಗಾಯಿತು. ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಕನಿಷ್ಠ 80% ಇರಲೇಬೇಕು, ನೀರು 16% ದಾಟುವಂತಿಲ್ಲ. ಅಮುಲ್ ಅಥವಾ ನಂದಿನಿ ಯಾವುದಾದರೂ ತಗೋ, ಉಪ್ಪಿಲ್ಲದ್ದು ಅಂತ ಕೇಳಿ ತಗೋ.

24 ಕಪ್‌ಕೇಕಿಗೆ 300 ಗ್ರಾಂ ಬೆಣ್ಣೆ, 600 ಗ್ರಾಂ ಸಕ್ಕರೆ ಪುಡಿ ಸಾಕು. ಸಕ್ಕರೆ ಮಿಕ್ಸಿಗೆ ಹಾಕುವಾಗ ಒಂದು ಕಪ್ಪಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸು. ಮೈದಾ ಸೋಸುವ ಸಾಣಿಗೆಯಲ್ಲೇ ಎರಡು ಸಲ ಸೋಸು, ಇಲ್ಲದಿದ್ದರೆ ಒಂದು ಹರಳು ಉಳಿದರೂ ನಳಿಗೆಯ ಬಾಯಿ ಕಟ್ಟಿಕೊಳ್ಳುತ್ತೆ. ಹಾಲು ಒಂದೇ ಚಮಚ, ಅದೂ ಕೊನೆಗೆ ಬೇಕೆನಿಸಿದರೆ ಮಾತ್ರ. ಬಣ್ಣಕ್ಕೆ ಜೆಲ್ ಕಲರ್ ಕಡ್ಡಿಯ ತುದಿಯಷ್ಟು.

ಬೆಣ್ಣೆ ಎಷ್ಟು ಮೆತ್ತಗಿರಬೇಕು ಅನ್ನೋದೇ ಮುಖ್ಯ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಹೊಳಪು ಹತ್ತಬಾರದು. ಪುಸ್ತಕದಲ್ಲಿ ಒಂದು ಗಂಟೆ ಹೊರಗಿಡಿ ಅಂತಾರೆ, ಅದು ತಂಪು ದೇಶದವರ ಲೆಕ್ಕ. ನಿಮ್ಮಲ್ಲಿ ಹತ್ತು ನಿಮಿಷ ಇಟ್ಟರೇ ಹೆಚ್ಚಾಯಿತು. ಬೆಣ್ಣೆ 32 ಡಿಗ್ರಿ ದಾಟಿದ ಮೇಲೆ ಕರಗೋಕೆ ಶುರು, ನಿಮ್ಮ ಅಡುಗೆಮನೆ ಮಧ್ಯಾಹ್ನ ಅದಕ್ಕಿಂತ ಬಿಸಿ ಇರುತ್ತೆ ಅಲ್ವಾ. ಅದಕ್ಕೆ ಪರಾತದಲ್ಲಿ ಐಸ್ ನೀರು ಹಾಕಿ ಅದರೊಳಗೆ ಬಟ್ಟಲು ಇಟ್ಟು ಬೀಟರ್ ಹಚ್ಚು.

ನವನಗರ ಭಟ್ಟಿ (ಬಾಗಲಕೋಟೆ)

ಅಕ್ಕಾರು ಹೇಳಿದ್ದೆಲ್ಲ ಸರಿ. ನಮ್ಮದು ಬೇಕರಿ ಮನೆತನ. ಬೇಸಿಗೆಯಲ್ಲಿ ನಾವು ಪೂರ್ತಿ ಬೆಣ್ಣೆ ಹಾಕೋದಿಲ್ಲ, ಮೂರು ಪಾಲಿನಲ್ಲಿ ಒಂದು ಪಾಲು ಡಾಲ್ಡಾ ಹಾಕ್ತೀವಿ. ಅದು ಬೆಣ್ಣೆಗಿಂತ ಸ್ವಲ್ಪ ಜಾಸ್ತಿ ಬಿಸಿ ತಡೆಯುತ್ತೆ, ಹೂವು ಬಿಡಿಸಿದರೆ ಅಂಚು ಹಾಗೇ ನಿಲ್ಲುತ್ತೆ.

ಕುಕ್ಕೀಸ್ ವಿಷಯ ಹೇಳ್ತೀನಿ ಕೇಳಿ. ಎರಡನೇ ಟ್ರೇ ಮಾತ್ರ ಹರಡಿತು ಅಂದ್ರಲ್ಲ, ಅಲ್ಲೇ ಉತ್ತರ ಇದೆ. ಓವನ್‌ನಿಂದ ತೆಗೆದ ಬಿಸಿ ಟ್ರೇ ಮೇಲೆಯೇ ಹಿಟ್ಟು ಇಟ್ಟಿದ್ದೀರಿ. ಬೇಯುವ ಮೊದಲೇ ಬೆಣ್ಣೆ ಕರಗಿ ಹರಿದುಹೋಗುತ್ತೆ. ಟ್ರೇ ಹಿಂಬದಿಗೆ ತಣ್ಣೀರು ಬಿಟ್ಟು ಒರೆಸಿಕೊಳ್ಳಿ. ಹಿಟ್ಟು ಕಲಸಿ, ಉಂಡೆ ಮಾಡಿ, 40 ನಿಮಿಷ ಫ್ರಿಜ್‌ನಲ್ಲಿಟ್ಟು ನೇರ ಓವನ್‌ಗೆ ಹಾಕಿ. 170 ಡಿಗ್ರಿ, 12ರಿಂದ 14 ನಿಮಿಷ. ಅಂಚು ಕೆಂಪಾದರೆ ತೆಗೆಯಿರಿ, ನಡುವೆ ಮೆತ್ತಗಿದ್ದರೂ ತಣ್ಣಗಾದ ಮೇಲೆ ಗಟ್ಟಿ ಆಗುತ್ತೆ.

ಇನ್ನು ಅವ್ವನ ಬೆಣ್ಣೆ ಉಳಿದಿದ್ದರೆ ಕಾಯಿಸಿ ತುಪ್ಪ ಮಾಡಿ. 150 ಗ್ರಾಂ ಮೈದಾ, 50 ಗ್ರಾಂ ಬಿಳಿಜೋಳದ ಹಿಟ್ಟು, 100 ಗ್ರಾಂ ಸಕ್ಕರೆ ಪುಡಿ, 100 ಗ್ರಾಂ ಗಟ್ಟಿ ತುಪ್ಪ, ಏಲಕ್ಕಿ. ನಾನ್‌ಕಟಾಯಿ ಆಗುತ್ತೆ. ಜೋಳದಲ್ಲಿ ಅಂಟು ಇಲ್ಲ, ಅದಕ್ಕೇ ಬಾಯಲ್ಲಿ ಪುಡಿಪುಡಿ ಕರಗುತ್ತೆ, ಆದರೆ 50ಕ್ಕಿಂತ ಜಾಸ್ತಿ ಹಾಕಿದರೆ ಎತ್ತುವಾಗಲೇ ಮುರಿಯುತ್ತೆ. ಮೊದಲೆಲ್ಲ ದೀಪಾವಳಿ ಹೊತ್ತಿಗೆ ಹೆಣ್ಣುಮಕ್ಕಳು ಮನೆಯಿಂದ ರವೆ, ಮೈದಾ, ಸಕ್ಕರೆ, ತುಪ್ಪ ಡಬ್ಬಿಯಲ್ಲಿ ತಂದು ನಮ್ಮ ಭಟ್ಟಿಯಲ್ಲಿ ನಾನ್‌ಕಟಾಯಿ ಮಾಡಿಸಿಕೊಂಡು ಹೋಗ್ತಿದ್ದರು. ರಾತ್ರಿ ಹನ್ನೊಂದರ ತನಕ ಸಾಲು ಇರುತ್ತಿತ್ತು. ಆ ವಾಸನೆ ನನಗೆ ಇನ್ನೂ ನೆನಪಿದೆ.

ಇಂಡಿ ರಸ್ತೆ (ವಿಜಯಪುರ)

ಅಣ್ಣಾ, ಅಂಗಡಿಗೆ ಡಾಲ್ಡಾ ಸರಿ, ಮನೆ ಮಕ್ಕಳಿಗೆ ಬೇಡ ಅನ್ನೋದು ನನ್ನ ಮಾತು. ಡಾಲ್ಡಾದಂಥದ್ದರಲ್ಲಿ ಟ್ರಾನ್ಸ್ ಫ್ಯಾಟ್, ಅಂದ್ರೆ ಹೃದಯಕ್ಕೆ ಕೆಟ್ಟದ್ದಾದ ಕೊಬ್ಬು, 2% ದಾಟಬಾರದು ಅಂತ 2022ರಿಂದ ನಿಯಮ ಬಂದಿದೆ, ಅದು ಒಳ್ಳೆಯದೇ. ಆದರೆ ರುಚಿ? ಡಾಲ್ಡಾ ಹಾಕಿದ ಕ್ರೀಮ್ ತಿಂದಮೇಲೆ ಅಂಗುಳಕ್ಕೆ ಜಿಡ್ಡು ಹಿಡಿದು ಕೂರುತ್ತೆ. ಅಷ್ಟು ಕಷ್ಟಪಟ್ಟು ಮಾಡಿದ್ದು ಬೆಣ್ಣೆ ರುಚಿಯೇ ಕೊಡದಿದ್ದರೆ ಹೇಗೆ.

ನಾನು ಇದೇ ಊರಲ್ಲಿ ಹಾಲಿನ ಗಂಜಿ ಹಾಕಿ ಮಾಡ್ತೀನಿ. 250 ಮಿಲಿ ಹಾಲು, 3 ದೊಡ್ಡ ಚಮಚ ಮೈದಾ, 200 ಗ್ರಾಂ ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಚಮಚ ಎಳೆದರೆ ಪಾತ್ರೆಯ ತಳ ಕಾಣಬೇಕು. ಪೂರ್ತಿ ತಣ್ಣಗಾಗಲಿ, ಇದರಲ್ಲಿ ಆತುರ ಮಾಡಿದರೆ ಎಲ್ಲ ಹಾಳು. 225 ಗ್ರಾಂ ಬೆಣ್ಣೆಯನ್ನು ಬೇರೆ ಬೀಟ್ ಮಾಡಿ, ಈ ಗಂಜಿಯನ್ನು ಒಂದೊಂದೇ ಚಮಚ ಹಾಕುತ್ತಾ ಹೋಗಿ. ಸಿಹಿ ಅರ್ಧಕ್ಕರ್ಧ ಕಡಿಮೆ, ನಮ್ಮ ಇಂಡಿ ಲಿಂಬೆಯ ಸಿಪ್ಪೆ ತುರಿದು ಹಾಕಿದರೆ ಇನ್ನೂ ಚೆನ್ನ. ಹಸಿರು ಸಿಪ್ಪೆ ಮಾತ್ರ, ಒಳಗಿನ ಬಿಳಿ ಭಾಗ ಕಹಿ. ಆದರೆ ಇದೂ ಬೆಣ್ಣೆಯೇ, 41 ಡಿಗ್ರಿಯಲ್ಲಿ ಅಂಗಳದಲ್ಲಿಟ್ಟರೆ ಕರಗುತ್ತೆ.

ಹಾಗಾಗಿ ಹೊತ್ತು ನೋಡಿಕೊಳ್ಳಿ. ಶನಿವಾರ ರಾತ್ರಿ ಕಪ್‌ಕೇಕ್ ಬೇಯಿಸಿ ಡಬ್ಬಿಗೆ ಹಾಕಿಡಿ. ಭಾನುವಾರ ಬೆಳಿಗ್ಗೆ 5ಕ್ಕೆ ಎದ್ದು ಐಸಿಂಗ್ ಮಾಡಿ, ಆ ಹೊತ್ತಿಗೆ ಅಡುಗೆಮನೆ ತಂಪು, ಸಾಮಾನ್ಯವಾಗಿ ಕರೆಂಟ್ ಕೂಡ ಇರುತ್ತೆ. ಕೋನಿಗೆ ಅರ್ಧ ಮಾತ್ರ ತುಂಬಿ, ಕೈಯ ಬಿಸಿಗೇ ಕ್ರೀಮ್ ಮೆತ್ತಗಾಗುತ್ತೆ. ಎರಡು ಕೋನ್ ಇಟ್ಟುಕೊಳ್ಳಿ, ಒಂದು ಕೈಯಲ್ಲಿ, ಒಂದು ಫ್ರಿಜ್‌ನಲ್ಲಿ. ಆರು ಕಪ್‌ಕೇಕ್ ಆದ ಮೇಲೆ ಬದಲಾಯಿಸಿ. ಆಮೇಲೆ ಎಲ್ಲ ಫ್ರಿಜ್‌ಗೆ. ಮಕ್ಕಳಿಗೆ ಕೊಡುವ 15 ನಿಮಿಷ ಮೊದಲು ಹೊರಗೆ ತೆಗೆಯಿರಿ.

ಗುಮ್ಮಟದೂರಿನವಳು (ವಿಜಯಪುರ)

ಅಕ್ಕಾ, ಅಣ್ಣಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ 5ಕ್ಕೆ ಎದ್ದು ಆರು ಕಪ್‌ಕೇಕಿಗೆ ಆಗುವಷ್ಟು ಮಾತ್ರ ಮಾಡಿದೆ. ಪ್ಯಾಕೆಟ್ ಬೆಣ್ಣೆ, ಕಾರ್ನ್‌ಫ್ಲೋರ್, ಪರಾತದ ಐಸ್ ನೀರು. ಡಾಲ್ಡಾ ಹಾಕಲಿಲ್ಲ. ಸುರುಳಿ ನಿಂತಿತು! ಗೆರೆ ಗೆರೆ ಸರಿಯಾಗಿ ಬಂದಿದೆ. ಮಗಳು ಹಾಸಿಗೆಯಿಂದ ಎದ್ದು ಬಂದು ಮೊದಲು ಬೆರಳು ಹಾಕಿ ನೋಡಿದಳು. ಅವ್ವನ ಬೆಣ್ಣೆ ಒಲೆ ಮೇಲೆ ಕಾಯುತ್ತಿದೆ, ಸಂಜೆ ನಾನ್‌ಕಟಾಯಿ.

ಇನ್ನೊಂದೇ ಪ್ರಶ್ನೆ, ಭಾನುವಾರ ಕ್ರೀಮ್ ಉಳಿದರೆ ಎಷ್ಟು ದಿನ ಇಡಬಹುದು?

ಟಿಳಕವಾಡಿ ಓವನ್ (ಬೆಳಗಾವಿ)

ತುಂಬಾ ಖುಷಿ ಆಯಿತು ತಂಗಿ. ಬೆಣ್ಣೆ ಸಕ್ಕರೆಯದು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಒಂದು ವಾರ. ಹಾಲಿನ ಗಂಜಿ ಹಾಕಿದ್ದಾದರೆ ಮೂರು ದಿನದೊಳಗೆ ಮುಗಿಸು. ಬೆಳ್ಳುಳ್ಳಿ, ಈರುಳ್ಳಿ ಹತ್ತಿರ ಇಡಬೇಡ, ಬೆಣ್ಣೆ ವಾಸನೆ ಹಿಡಿಯುತ್ತೆ. ಮತ್ತೆ ಬಳಸುವಾಗ ಸ್ವಲ್ಪ ಹೊರಗಿಟ್ಟು ಇನ್ನೊಮ್ಮೆ ಬೀಟರ್ ಹಚ್ಚು. ಮಗಳಿಗೆ ನನ್ನ ಆಶೀರ್ವಾದ ಹೇಳು.