ಅನ್‌ಕ್ಯಾಪ್ಡ್ ಎಲ್‌ಪಾರ್ 2 ಕೋರ್ ದಾಟುತ್ತಿಲ್ಲ, ಪೂಲ್ ಮಾತ್ರ ಖಾಲಿ ಇದೆ

ಪ್ರಶ್ನೆ: ಐಬಿಎಂ ಪವರ್8 ಸರ್ವರ್, ಅದನ್ನು ಹಂಚಿ ಮಾಡಿದ ಒಂದು ಎಲ್‌ಪಾರ್ (ಲಾಜಿಕಲ್ ಪಾರ್ಟಿಷನ್), ಅದರಲ್ಲಿ ಐಬಿಎಂನ ಯುನಿಕ್ಸ್ ಆದ ಎಐಎಕ್ಸ್. ಎಂಟೈಟಲ್‌ಮೆಂಟ್ (ಖಾತ್ರಿ ಪಾಲು) 0.8 ಕೋರ್, ವರ್ಚುವಲ್ ಪ್ರೊಸೆಸರ್ (ವಿಪಿ) 2, ಅನ್‌ಕ್ಯಾಪ್ಡ್ (ಖಾಲಿ ಇದ್ದರೆ ಪಾಲಿಗಿಂತ ಹೆಚ್ಚು ಬಳಸಬಹುದು), ವೇಟ್ (ಹೆಚ್ಚುವರಿ ಹಂಚಿಕೆಯ ಆದ್ಯತೆ) 128. ರಾತ್ರಿ ಬ್ಯಾಚ್ ಓಡುವಾಗ ಎಲ್‌ಪಾರ್‌ಸ್ಟಾಟ್ ಕಮಾಂಡ್‌ನಲ್ಲಿ ಫಿಸ್ಕ್ (physc, ಬಳಸಿದ ಕೋರ್) 1.99, ಎಂಟ್ಸಿ (%entc, ಎಂಟೈಟಲ್‌ಮೆಂಟಿನ ಶೇಕಡಾವಾರು ಬಳಕೆ) 248.8. ಎಲ್‌ಪಾರ್‌ಗಳು ಹಂಚಿಕೊಳ್ಳುವ ಪೂಲ್‌ನಲ್ಲಿ 3ಕ್ಕೂ ಹೆಚ್ಚು ಕೋರ್ ಸುಮ್ಮನಿವೆ. ವೇಟ್ 255 ಮಾಡಿದರೂ ಅಷ್ಟೇ. ಯಾಕೆ?

ಉತ್ತರ 1: ವೇಟ್ ಬಿಡಿ, ಪೂಲ್‌ನಲ್ಲಿ ಕಿತ್ತಾಟ ಇದ್ದಾಗ ಮಾತ್ರ ಅದಕ್ಕೆ ಬೆಲೆ. ನಿಮ್ಮನ್ನು ತಡೆದಿರುವುದು ವಿಪಿ ಸಂಖ್ಯೆ. ಒಂದು ವಿಪಿ ಹೆಚ್ಚೆಂದರೆ 1 ಕೋರ್ ತಿನ್ನುತ್ತದೆ, ಎರಡಿದ್ದರೆ 2.0ಗೆ ಮುಗಿಯಿತು. ಎಚ್‌ಎಂಸಿಯಿಂದ (ಸರ್ವರ್ ನಿರ್ವಹಣಾ ಕನ್ಸೋಲ್) ಡಿಎಲ್‌ಪಾರ್ (ಎಲ್‌ಪಾರ್ ಓಡುತ್ತಿರುವಾಗಲೇ ಬದಲಾವಣೆ) ಮಾಡಿ 4ಕ್ಕೆ ಏರಿಸಿ. ಗರಿಷ್ಠ ವಿಪಿ 2 ಅಂತಲೇ ಇದ್ದರೆ ಆಗದು: ಪ್ರೊಫೈಲ್ (ಎಚ್‌ಎಂಸಿಯಲ್ಲಿ ಉಳಿಸಿದ ಎಲ್‌ಪಾರ್ ಸೆಟ್ಟಿಂಗ್) ತಿದ್ದಿ, ಎಲ್‌ಪಾರ್ ಪೂರ್ತಿ ಶಟ್‌ಡೌನ್ ಮಾಡಿ, ಅದೇ ಪ್ರೊಫೈಲ್‌ನಿಂದ ಆಕ್ಟಿವೇಟ್ ಮಾಡಬೇಕು. ಬರೀ ರೀಬೂಟ್ ಸಾಲದು.

ಉತ್ತರ 2: ಹಾಗಂತ 16 ಕೊಟ್ಟುಬಿಡಬೇಡಿ. ಎಲ್‌ಪಾರ್‌ಗಳಿಗೆ ಕೋರ್ ಹಂಚುವ ಹೈಪರ್‌ವೈಸರ್‌ನ ಲೆಕ್ಕ 10 ಮಿಲಿಸೆಕೆಂಡಿನದು. 0.8ಕ್ಕೆ 2 ವಿಪಿ ಎಂದರೆ ತಲಾ 4 ಮಿಲಿಸೆಕೆಂಡ್ ಖಾತ್ರಿ. 8 ಆದರೆ ತಲಾ 1. ಪೂಲ್ ತುಂಬಿದ ದಿನ ವಿಪಿ ಮತ್ತೆ ಮತ್ತೆ ಇಳಿದು ಬೇರೆ ಕೋರ್ ಹತ್ತುತ್ತದೆ, ಕ್ಯಾಶ್ ತಣ್ಣಗಾಗುತ್ತದೆ. ಎಐಎಕ್ಸ್ ಬೇಡದ ವಿಪಿಗಳನ್ನು ಮಡಚಿಡುತ್ತದೆ, ನಿಜ. ಆದರೆ ಬ್ಯಾಚ್ ವೇಳೆ ಎಲ್ಲವೂ ಎದ್ದಿರುತ್ತವೆ. ದಿನವೂ 2 ಕೋರ್ ಬೇಕಿದ್ದರೆ ಎಂಟೈಟಲ್‌ಮೆಂಟನ್ನೇ 1.6ರ ಸುಮಾರಿಗೆ ತನ್ನಿ.

ಪ್ರಶ್ನೆ ಕೇಳಿದವರು: 4 ಮಾಡಿದೆ, ಫಿಸ್ಕ್ 3.4ಕ್ಕೆ ಹೋಯಿತು. ಪಕ್ಕದ ಎಲ್‌ಪಾರ್‌ನಲ್ಲಿ ಎಲ್‌ಪಾರ್‌ಸ್ಟಾಟ್‌ನ ಆಪ್ (app, ಪೂಲ್‌ನಲ್ಲಿ ಖಾಲಿ ಇರುವ ಕೋರ್) ಕಾಲಮ್ಮೇ ಕಾಣುತ್ತಿಲ್ಲವಲ್ಲ?

ಉತ್ತರ 1: ಎಚ್‌ಎಂಸಿಯಲ್ಲಿ ಆ ಎಲ್‌ಪಾರ್‌ನ ಪ್ರಾಪರ್ಟೀಸ್ ತೆರೆದು, ಪರ್ಫಾರ್ಮೆನ್ಸ್ ಮಾಹಿತಿ ಸಂಗ್ರಹಕ್ಕೆ ಅನುಮತಿ ಕೊಡುವ ಟಿಕ್ ಹಾಕಿ.